ಹನ್ನೊಂದನೇ ಕಥೆಗೆ ಹೊಡೆದ ಗೆರೆ

ಹಿಂದವಾಡಿ, ಬೆಳಗಾವಿ
೧೪ ನವೆಂಬರ್ ೨೦೦೨

ಚಿ. ಸೌ. ಅನುರಾಧಾಗೆ,

ಆಶೀರ್ವಾದ ಎಂದು ಬರೆಯುವ ಜಾಗದಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ನಿನ್ನ ಗಂಡನ ಅಕ್ಕನಾಗಿ ಬರೆಯಬೇಕೋ, ‘ಓಣಿಮಾತು’ ವೆಬ್‌ಸೈಟಿನ ಸಂಪಾದಕಿಯಾಗಿ ಬರೆಯಬೇಕೋ ತಿಳಿಯಲಿಲ್ಲ. ಇರಲಿ, ಆಶೀರ್ವಾದ ಮೊದಲು ತಗೋ, ಉಳಿದದ್ದು ಆಮೇಲೆ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಸೋಮವಾರದಿಂದ ನನಗೆ ಊಟ ಸೇರುತ್ತಿಲ್ಲ. ಅದಕ್ಕೆ ಕಾರಣ ನೀನು.

ಮೊದಲು ಕೆಲಸದ ಮಾತು. ನೀನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ ಕರಾರುಪತ್ರ ಸೋಮವಾರ ಕ್ಯಾಂಪಿನಲ್ಲಿರುವ ನಮ್ಮ ಆಫೀಸಿಗೆ ಬಂದು ತಲುಪಿತು. ಕಥೆಗಳ ಹಕ್ಕನ್ನು ನಮಗೆ ಬರೆದುಕೊಟ್ಟಿರುವುದಾಗಿ ನಿನ್ನ ಸಹಿ ಇದೆ, ಇಬ್ಬರು ಸಾಕ್ಷಿಗಳ ಸಹಿ ಇದೆ, ಕೆಳಗಿನ ಪಟ್ಟಿಯಲ್ಲಿ ಇಪ್ಪತ್ತಾರು ಕಥೆಗಳ ಹೆಸರೂ ಇದೆ. ಆದರೆ ಹನ್ನೊಂದನೆಯ ಹೆಸರಿಗೆ, ‘ಗಂಟೆ ಕಟ್ಟಿದ ಮರಿ’ಗೆ, ನೀನು ಅಡ್ಡಗೆರೆ ಹೊಡೆದಿದ್ದೀ. ಪ್ರಕಾಶಕರು ಪುಸ್ತಕಕ್ಕೆ ಇಡಬೇಕೆಂದಿರುವ ಹೆಸರೇ ಅದು. ಆ ಕಥೆ ಇಲ್ಲದಿದ್ದರೆ ಪುಸ್ತಕವೇ ಬೇಡ ಎಂದಾರು. ಅದಕ್ಕಾಗಿ ಹೊಸದೊಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಗೆರೆ ಗಿರೆ ಹೊಡೆಯದೆ ಸಹಿ ಮಾಡಿ, ತಿಂಗಳು ಮುಗಿಯುವುದರೊಳಗೆ ಕಳಿಸು.

ಇಷ್ಟು ಬರೆದು ಅಂಟು ಹಚ್ಚಿ ಕಳಿಸಬೇಕೆಂದು ಕೂತವಳು ನಾನು. ಆಗಲಿಲ್ಲ. ಎಂಟು ತಿಂಗಳು ನೀನು ನನ್ನನ್ನು ಆಟ ಆಡಿಸಿದ್ದೀ ಅನುರಾಧಾ, ಅದನ್ನು ಹೇಳದೆ ಬಿಟ್ಟರೆ ನನ್ನ ಹೊಟ್ಟೆ ಒಡೆದೀತು.

ಫೆಬ್ರವರಿಯಲ್ಲಿ ನಾನು ಇಂಟರ್‌ನೆಟ್ಟಿನಲ್ಲಿ ಒಂದು ಜಾಹೀರಾತು ಹಾಕಿದ್ದೆ. ನಮ್ಮ ಭಾಗದ ಕಥೆಗಳನ್ನು ಬರೆದುಕೊಡುವವರು ಬೇಕು, ಆಫೀಸಿಗೆ ಬರಬೇಕಿಲ್ಲ, ಮೇಲ್ ಮಾಡಿದರೆ ಸಾಕು, ಕಥೆಗೆ ಇಷ್ಟು ಗೌರವಧನ ಎಂದು. ಹದಿನೇಳು ಜನ ಬರೆದರು. ಹದಿನಾರು ಜನ ಪದವಿ ಗಿದವಿ ಇದ್ದವರು, ಅವರ ಕಥೆಗಳು ಪರೀಕ್ಷೆಯ ಉತ್ತರದ ಹಾಗಿದ್ದವು. ಹದಿನೇಳನೆಯದು ಖಾನಾಪುರದಿಂದ ಬಂದದ್ದು. ಹೆಸರು ಮಾಯವ್ವ. ವಿಳಾಸ, ಬಸ್ ನಿಲ್ದಾಣದ ಎದುರಿನ ಗುರುಸಿದ್ದನ ಇಂಟರ್‌ನೆಟ್ ಅಂಗಡಿ. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಕಳಿಸಿದ್ದಳು. ನನ್ನ ತವರೂರಿನಾಕೆ ಎಂದು ಹಿಗ್ಗಿದೆ. ಕಥೆ ಓದಿದ ಮೇಲೆ ಹಿಗ್ಗು ಇಳಿಯಿತು. ಲೆಕ್ಕ ಬಾರದ ಮುದುಕನೊಬ್ಬ ತನ್ನ ಕುರಿಗಳನ್ನು ಒಂದೊಂದರ ಕೆಮ್ಮಿನಿಂದ ಗುರುತು ಹಿಡಿಯುತ್ತಿದ್ದ ಕಥೆ ಅದು. ಅಷ್ಟು ಚಂದ ಬೇರೆ ಯಾರಾದರೂ ಬರೆದರೆ ನನಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಹುಟ್ಟುಗುಣ, ಏನು ಮಾಡಲಿ.

ನಾನು ಹನ್ನೆರಡು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು. ಆ ಕೆಲಸ ಬಿಟ್ಟು, ಹಳೇ ಬಂಗಲೆಯೊಂದರ ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಈ ವೆಬ್‌ಸೈಟ್ ತೆಗೆದವಳು. ವಾರಕ್ಕೊಂದು ಅಂಕಣ ನನ್ನದೂ ಬರುತ್ತಿತ್ತು. ಮಾಯವ್ವನ ಕಥೆಗೆ ದುಬೈಯಿಂದ, ನ್ಯೂಜೆರ್ಸಿಯಿಂದ, ಪುಣೆಯಿಂದ ಕಾಗದ ಬರುತ್ತಿದ್ದವು. ನನ್ನ ಅಂಕಣಕ್ಕೆ ಬೇಸಿಗೆಯಿಡೀ ಬಂದದ್ದು ಒಂದೇ ಕಾಗದ. ಅದರಲ್ಲಿ ಮಾಯವ್ವನ ಮುಂದಿನ ಕಥೆ ಯಾವಾಗ ಎಂದು ಕೇಳಿದ್ದರು.

ಅವಳ ಇಂಗ್ಲಿಷ್ ಅಕ್ಷರಗಳನ್ನು ಕನ್ನಡಕ್ಕೆ ಇಳಿಸಿ ಟೈಪ್ ಮಾಡುವ ಕೆಲಸವನ್ನು ನಾನು ಯಾರ ಕೈಗೂ ಕೊಡಲಿಲ್ಲ. ಪ್ರೀತಿಯಿಂದಲ್ಲ. ಎಲ್ಲಾದರೂ ತಪ್ಪು ಸಿಕ್ಕೀತು ಎಂಬ ಆಸೆಯಿಂದ. ಟೈಪ್ ಮಾಡುತ್ತ ಮಾಡುತ್ತ ಆ ಕಥೆಗಳು ನನ್ನವೇ ಎನಿಸತೊಡಗಿದವು. ಒಂದು ಸಲ ಅವಳ ಆಡುಮಾತನ್ನೆಲ್ಲ ಪುಸ್ತಕದ ಭಾಷೆಗೆ ತಿದ್ದಿ, ಸೂರ್ಯಾಸ್ತದ ವರ್ಣನೆ ಎಂದು ನನ್ನದೊಂದು ಪ್ಯಾರಾ ಸೇರಿಸಿದೆ. ಆ ವಾರ ಮೂರು ಜನ ಬರೆದರು, ಈ ಸಲ ಮಾಯವ್ವ ಮಾಯವ್ವನ ಹಾಗಿಲ್ಲ, ಆರೋಗ್ಯ ಸರಿಯಿಲ್ಲವೇ ಎಂದು. ಹೊಟ್ಟೆಯಲ್ಲಿ ಬೆಂಕಿ ಬಿತ್ತು ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ, ಖರೇನೇ ಉರಿಯುತ್ತದೆ.

ಜೂನ್‌ನಲ್ಲಿ ಅವ್ವನಿಗೆ ಫೋನ್ ಮಾಡಿ, ಖಾನಾಪುರದಲ್ಲಿ ಕಥೆ ಬರೆಯುವ ಮಾಯವ್ವ ಯಾರು ಎಂದು ಕೇಳಿದ್ದೆ. ಖಾನಾಪುರದಲ್ಲಿ ಮಾಯವ್ವಂದಿರು ಮೂವತ್ತು ಮಂದಿ ಇದ್ದಾರೆ, ನಿನಗೆ ಯಾವಾಕಿ ಬೇಕು ಎಂದು ಅವ್ವ ನಕ್ಕಳು. ನೀನು ಅಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆಯಂತೆ. ಅವ್ವ ನನ್ನೊಡನೆ ಮಾತಾಡುತ್ತ ನಿನ್ನೊಡನೆ ನಕ್ಕಳು. ಇದನ್ನು ನಾನು ಮರೆಯುವುದಿಲ್ಲ, ನೆನಪಿರಲಿ.

ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ಪ್ರಕಾಶಕರೊಬ್ಬರು ಆಫೀಸಿಗೆ ಬಂದರು. ಈ ಕಥೆಗಳನ್ನು ಪುಸ್ತಕ ಮಾಡುತ್ತೇವೆ, ಹಕ್ಕು ಯಾರದು ಎಂದರು. ನಮ್ಮದೇ, ಗೌರವಧನ ಕೊಟ್ಟು ಬರೆಸಿದ್ದು ಎಂದೆ. ಅವರು ಸುತ್ತಮುತ್ತ ನೋಡಿ, ಮಾಯವ್ವ ಎಂಬುದು ನಿಮ್ಮದೇ ಕಾವ್ಯನಾಮ ಇರಬೇಕಲ್ಲ ಮೇಡಂ ಎಂದರು. ನಾನು ಸುಳ್ಳು ಹೇಳಲಿಲ್ಲ. ಚಹಾ ತರಿಸಿದೆ. ಅವರು ಹೋಗುವವರೆಗೂ ಬೇರೆ ಬೇರೆ ಮಾತಾಡಿದೆ. ಮುಂದಿನ ವಾರ ಅವರಿಂದ ಬಂದ ಕಾಗದದಲ್ಲಿ ಲೇಖಕಿಯ ಜಾಗದಲ್ಲಿ ನನ್ನ ಹೆಸರಿತ್ತು, ಪ್ರಮಿಳಾ ಎಂದು, ದಪ್ಪ ಅಕ್ಷರದಲ್ಲಿ. ನಾನು ಅದನ್ನು ತಿದ್ದಿ ಕಳಿಸಲಿಲ್ಲ. ಡ್ರಾವರಿನಲ್ಲಿಟ್ಟು ದಿನಕ್ಕೆರಡು ಸಲ ತೆಗೆದು ನೋಡಿದೆ.

ಆದರೆ ಹಕ್ಕಿನ ಕಾಗದದ ನಕಲು ಕಳಿಸಿ ಎಂದೂ ಅವರು ಬರೆದಿದ್ದರು. ನನ್ನ ಹತ್ತಿರ ಯಾವ ಕಾಗದ? ಮಾಯವ್ವ ಮೇಲಿನಲ್ಲಿ ‘ಆಗಲಿ ರಿ’ ಎಂದದ್ದು ಬಿಟ್ಟರೆ ಏನೂ ಇರಲಿಲ್ಲ. ವಕೀಲ ಬಾಳಾಸಾಹೇಬರ ಹತ್ತಿರ ಹೋದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ ನನ್ನ ಅರ್ಧ ಜೀವ ತೆಗೆದರು. ನಿಮ್ಮಲ್ಲಿ ಪಗಾರದ ಮೇಲೆ ಇದ್ದು ಬರೆದಿದ್ದರೆ ಮಾತು ಬೇರೆ, ಮನೆಯಲ್ಲಿ ಕೂತು ಬರೆದು ಕಳಿಸಿದವಳ ಬರಹ ಅವಳದೇ, ಗೌರವಧನ ಕೊಟ್ಟ ಮಾತ್ರಕ್ಕೆ ನಿಮ್ಮದಾಗುವುದಿಲ್ಲ ಎಂದರು. ಬರೆದವಳೇ ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡಬೇಕು. ಯಾವ ಯಾವ ಕಥೆ ಎಂದು ಹೆಸರು ಹಿಡಿದು ಹೇಳಬೇಕು. ಎಷ್ಟು ವರ್ಷ ಎಂದು ಬರೆಯದಿದ್ದರೆ ಬರೀ ಐದು ವರ್ಷ, ಎಲ್ಲೆಲ್ಲಿ ಎಂದು ಬರೆಯದಿದ್ದರೆ ಬರೀ ನಮ್ಮ ದೇಶದೊಳಗೆ. ಕಾವ್ಯನಾಮ ನಡೆಯುವುದಿಲ್ಲ, ನಿಜವಾದ ಹೆಸರು, ಗಂಡನ ಹೆಸರು, ಮನೆಯ ವಿಳಾಸ ಬೇಕು. ಸಾಕ್ಷಿ ಬೇಕೆಂದು ಕಾಯ್ದೆ ಕೇಳುವುದಿಲ್ಲವಂತೆ, ಆದರೆ ಬಾಳಾಸಾಹೇಬರು ಕೇಳುತ್ತಾರಂತೆ.

ಕರಾರಿನ ನಾಲ್ಕನೇ ಕಲಮು ಮಾತ್ರ ನಾನೇ ಹೇಳಿ ಬರೆಸಿದ್ದು. ಲೇಖಕಿಯ ಹೆಸರು ಹಾಕುವುದು ಬಿಡುವುದು ಸಂಸ್ಥೆಯ ಇಷ್ಟ, ಅದಕ್ಕೆ ಲೇಖಕಿಯ ತಕರಾರು ಇರತಕ್ಕದ್ದಲ್ಲ ಎಂದು. ಬಾಳಾಸಾಹೇಬರು ಪೆನ್ನು ಕೆಳಗಿಟ್ಟರು. “ಹಕ್ಕ ಬರಿಸಿಗೋಬಹುದರಿ ಬಾಯಾರ, ಆದ್ರ ಬರದಾಕಿ ಆಕೀನ ಅನ್ನೂದನ್ನ ಬರಿಸಿಗೊಳ್ಳಾಕ ಬರೂದಿಲ್ಲ” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನಾನು ಸುಮ್ಮಸುಮ್ಮನೆ ಸೆರಗು ಸರಿಮಾಡಿಕೊಂಡೆ. ಆದರೂ ಕಲಮು ಇರಲಿ ಎಂದೆ.

ಸೋಮವಾರ ಲಕೋಟೆ ಒಡೆದಾಗ ನೋಡಿದ್ದು ಇದು. ಅನುರಾಧಾ, ಗಂಡ ಗಜಾನನ, ಸಾಕಿನ್ ಖಾನಾಪುರ. ಕೆಳಗೆ ನಾನು ಹುಟ್ಟಿದ ಮನೆಯ ವಿಳಾಸ.

ಕೂಡಲೇ ಗಜಾನನನ ಆಫೀಸಿಗೆ ಫೋನ್ ಹಚ್ಚಿದೆ. ನನ್ನ ತಮ್ಮ, ನಾನು ಎತ್ತಿ ಆಡಿಸಿದವನು, ಅವನಿಗೂ ಎಲ್ಲ ಗೊತ್ತಿತ್ತು. ಮಾಯವ್ವ ಎಂಬುದು ಗುರುಸಿದ್ದನ ತಾಯಿಯ ಹೆಸರಂತೆ, ನನ್ನ ಮನಿಯಾರ್ಡರುಗಳನ್ನು ಆಕೆಯೇ ತೆಗೆದುಕೊಂಡು ನಿನ್ನ ಕೈಗೆ ಕೊಡುತ್ತಿದ್ದಳಂತೆ. ನನ್ನ ಮುಂದೆ ಯಾಕೆ ಈ ಮುಚ್ಚುಮರೆ, ನಾನೇನು ಹುಲಿಯೇ ಎಂದು ಕೂಗಾಡಿದೆ. ಅವನು ತಣ್ಣಗೆ ಹೇಳಿದ, “ಅಕ್ಕಾ, ಆಕಿ ಬರದ ಮೊದಲನೇ ಪತ್ರಾನ ನೀ ಮಂದಿ ಮುಂದ ಓದಿ ನಕ್ಕಿದ್ದಿ. ಆಕೀಗಿ ಅದು ಇನ್ನೂ ಮರತಿಲ್ಲ.”

ನನಗೆ ಮರೆತಿತ್ತು. ಈಗ ನೆನಪಾಗಿದೆ. ನಿನ್ನ ಮದುವೆಯಾದ ವರ್ಷ. ಹಲಸಿಯಲ್ಲಿ ಮರಾಠಿ ಶಾಲೆಯಲ್ಲಿ ಓದಿದ ಹುಡುಗಿ ನೀನು, ಮಾತಿಗೆ ಎರಡೂ ಭಾಷೆ ಬಂದರೂ ಬರೆಯಲು ಕನ್ನಡ ಬರುತ್ತಿರಲಿಲ್ಲ. ಆದರೂ ನಾದಿನಿಗೆ ಕನ್ನಡದಲ್ಲೇ ಬರೆಯಬೇಕೆಂದು ಹಟ ಹಿಡಿದು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಎಂಟು ಸಾಲು ಬರೆದಿದ್ದೆ. ನಾನು ದೀಪಾವಳಿಗೆ ಬಂದಾಗ, ಬೀಗರು ಕೂತಿದ್ದಲ್ಲಿ ಅದನ್ನು ಅಭಿನಯ ಮಾಡಿ ಓದಿದೆ. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ನೀನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ. ಹಿತ್ತಲ ಗಿಡ ಮದ್ದಲ್ಲ ಎಂದು ತರಗತಿಯಲ್ಲಿ ನೂರು ಸಲ ವಿವರಿಸಿದವಳು ನಾನು. ನನ್ನ ಹಿತ್ತಲಲ್ಲಿ ಏನು ಬೆಳೆದಿದೆ ಎಂದು ಬಗ್ಗಿ ನೋಡಲಿಲ್ಲ.

ಇದೆಲ್ಲ ಬರೆದರೂ ನಿನ್ನ ಮೇಲಿನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ನನ್ನ ಸಿಟ್ಟಿನ ಮೂಲ ಕಥೆಯಲ್ಲಿಲ್ಲ. ಹೋದ ವರ್ಷ ಪಂಚಮಿಗೆ ಬಂದಾಗಿನದು ಅದು. ನಾನು ತವರಿಗೆ ಬಂದ ಮಗಳು, ಅವ್ವನ ಪಕ್ಕದಲ್ಲೇ ಕೂತಿದ್ದೆ. ಅವ್ವ ಹುರಿದ ಜೋಳದ ಅಳ್ಳು ಮುಕ್ಕುತ್ತ ಏನೋ ಹಳೆಯದನ್ನು ಹೇಳಲು ಶುರು ಮಾಡುವಳು, ಹೆಸರು ನೆನಪಾಗದೆ ನಿಲ್ಲುವಳು, ನೀನು ಒಳಗಿನಿಂದಲೇ ಆ ಹೆಸರು ಕೂಗಿ ಹೇಳುವೆ. ಸೊಂಟ ನೋವು ಎಂದರೆ ಅನೂ, ಕನ್ನಡಕ ಎಲ್ಲಿ ಎಂದರೆ ಅನೂ. ನನ್ನನ್ನು ಪ್ರಮಿಳಾಬಾಯಿ ಊಟ ಮಾಡ್ತೀಯೇನು ಎಂದು ನೆಂಟರನ್ನು ಕೇಳಿದಂತೆ ಕೇಳಿದಳು. ಈ ವರ್ಷ ಪಂಚಮಿಗೆ ನಾನು ಬಾರದಿದ್ದುದು ಆಫೀಸಿನ ಕೆಲಸದಿಂದಲ್ಲ. ಇಪ್ಪತ್ತಾರು ಕಿಲೋಮೀಟರು ಬಂದು ಅದನ್ನೇ ಮತ್ತೆ ನೋಡಲು ನನಗೆ ಮನಸ್ಸಿರಲಿಲ್ಲ.

ಈಗ ಸಾಕ್ಷಿಯ ಸಹಿಗೆ ಬರುತ್ತೇನೆ. ಎರಡನೇ ಸಾಕ್ಷಿ ಗುರುಸಿದ್ದ, ಅದು ಸರಿ. ಮೊದಲನೇ ಸಾಕ್ಷಿಯ ಜಾಗದಲ್ಲಿ ಮೂರು ದೊಡ್ಡ ಅಕ್ಷರಗಳಿವೆ. ಸಾಲು ಬಿಟ್ಟು ಮೇಲಕ್ಕೆ ಹತ್ತಿ, ಕೊನೆಯಲ್ಲಿ ಕೆಳಕ್ಕೆ ಜಾರಿವೆ. ಯಾರೋ ಮಗು ಬರೆದದ್ದು ಎಂದುಕೊಂಡೆ. ಆಮೇಲೆ ಓದಿದೆ. ಭೀಮಕ್ಕ ಎಂದಿತ್ತು.

ನಮ್ಮವ್ವನ ಹೆಬ್ಬೆಟ್ಟು ನನಗೆ ಗೊತ್ತು ಅನುರಾಧಾ. ಐದನೇ ಇಯತ್ತೆಗೆ ಬೆಳಗಾವಿಯ ಹಾಸ್ಟೆಲಿಗೆ ಸೇರಿದಾಗಿನಿಂದ ನನ್ನ ಪ್ರತಿಯೊಂದು ಪ್ರಗತಿಪತ್ರದ ಕೆಳಗೆ ಅದೇ ನೀಲಿ ಗುರುತು. ಉಳಿದ ಹುಡುಗಿಯರ ಪತ್ರಗಳಲ್ಲಿ ಸಹಿ ಇರುತ್ತಿತ್ತು. ನಾನು ಅದರ ಮೇಲೆ ಕೈ ಮುಚ್ಚಿಕೊಂಡು ಟೀಚರಿಗೆ ಕೊಡುತ್ತಿದ್ದೆ. ದೊಡ್ಡವಳಾಗಿ ಎಷ್ಟೋ ಮಂದಿಯ ಮಕ್ಕಳಿಗೆ ಕನ್ನಡ ಕಲಿಸಿದೆ. ನಮ್ಮವ್ವನಿಗೂ ಕಲಿಸಬಹುದು ಎಂದು ಒಂದು ದಿನವೂ ನನ್ನ ತಲೆಗೆ ಹೊಳೆಯಲಿಲ್ಲ. ನಿನ್ನ ಮಗಳು ಸೃಷ್ಟಿ ಒಂದನೇ ಇಯತ್ತೆಗೆ ಸೇರಿದ ವರ್ಷ ಅವಳ ಪುಸ್ತಕ ಇಟ್ಟುಕೊಂಡು ಅತ್ತೆ ಸೊಸೆ ಇಬ್ಬರೂ ಒಂದೇ ಪಾಟಿಯ ಮೇಲೆ ತಿದ್ದಿದಿರಂತೆ. ನೀನು ಅವಳಿಗೆ ಕಲಿಸಿದೆಯೋ ಅವಳು ನಿನಗೆ ಕಲಿಸಿದಳೋ ಗೊತ್ತಿಲ್ಲ ಎಂದು ಗಜಾನನ ನಕ್ಕ. ನೀನು ಕಥೆ ಬರೆದದ್ದನ್ನು ನಾನು ಹೇಗೋ ತಡೆದುಕೊಂಡೇನು. ಈ ಮೂರು ಅಕ್ಷರ ತಡೆದುಕೊಳ್ಳಲಾರೆ.

ಇನ್ನು ಹನ್ನೊಂದನೇ ಕಥೆ. ಗೆರೆಯ ಪಕ್ಕದಲ್ಲಿ ನೀನು ಸಣ್ಣಗೆ ಬರೆದಿದ್ದೀ, “ಉಳಿದಾವು ಅತ್ತಿಯವರು ನನಗ ಹೇಳಿದ್ದು. ಇದು ತಮ್ಮ ಮಗಳಿಗಂತ ಹೇಳಿದ್ದು. ನಾ ಬಾಜೂಕ ಕುಂತು ಕೇಳಿದ್ದು. ಕೊಡಾಕ ನನಗ ಹಕ್ಕಿಲ್ಲ.” ಸೋಮವಾರ ಇದನ್ನು ಓದಿದಾಗ, ಎಷ್ಟು ಜಾಣೆ ಇವಳು, ಒಳ್ಳೆಯದನ್ನು ತನಗೇ ಉಳಿಸಿಕೊಂಡು ನನ್ನ ಹೆಸರು ಹೇಳುತ್ತಿದ್ದಾಳೆ ಎಂದುಕೊಂಡೆ. ಅದಕ್ಕೇ ಹೊಸ ಪ್ರತಿ ಬರೆಸಿದ್ದು.

ಈಗ ನಿನ್ನ ಮುಂದೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ, ಗಜಾನನನಿಗೂ ಹೇಳಬೇಡ. ಮೇ ತಿಂಗಳಲ್ಲಿ ಆ ಕಥೆ ಟೈಪ್ ಮಾಡುವಾಗಲೇ ನನಗೆ ಗೊತ್ತಾಗಿತ್ತು. ಬರೆದವರು ಯಾರು ಎಂದಲ್ಲ, ಯಾರ ಬಾಯಿಯ ಕಥೆ ಎಂದು. ಕುರಿ ಕಾಯುವ ಒಬ್ಬಾಕೆ ತನ್ನ ಮರಿಯನ್ನು ಪಟ್ಟಣಕ್ಕೆ ಕಳಿಸುತ್ತಾಳೆ. ಎಲ್ಲಿದ್ದರೂ ಸಪ್ಪಳ ಕೇಳಲಿ ಎಂದು ಕೊರಳಿಗೆ ಗಂಟೆ ಕಟ್ಟುತ್ತಾಳೆ. ಪಟ್ಟಣದ ಮರಿಗಳು ನಗುತ್ತವೆ, ಮರಿ ಗಂಟೆಯನ್ನು ಬಿಚ್ಚಿ ಬಾವಿಗೆ ಎಸೆಯುತ್ತದೆ. ಹಾಸ್ಟೆಲಿಗೆ ಹೋದ ದಿನ ಅವ್ವ ನನ್ನ ಟ್ರಂಕಿನ ಕೀಲಿಗೆ ಕುರಿಯ ಗಂಟೆ ಕಟ್ಟಿದ್ದಳು. ಹುಡುಗಿಯರು ನಕ್ಕರು. ನಾನು ಅದನ್ನು ಬಿಚ್ಚಿ ಹಾಸ್ಟೆಲಿನ ಹಿಂದಿನ ಬಾವಿಗೆ ಹಾಕಿದೆ. ಮುಂದಿನ ರಜೆಗೆ ಬಂದಾಗ ಅವ್ವ ಗಂಟೆ ಎಲ್ಲಿ ಎಂದಳು, ಬಾವಿಗೆ ಬಿತ್ತು ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಬಿತ್ತೋ ಎಸೆದೆನೋ ಅವಳಿಗೆ ಗೊತ್ತಿಲ್ಲ ಎಂದು ಮೂವತ್ತು ವರ್ಷ ನಂಬಿಕೊಂಡಿದ್ದೆ.

ಕುರಿ ಕಾಯುವವರ ಮನೆಯಲ್ಲಿ ಗಂಟೆ ಇರದೆ ಮತ್ತೇನು ಇರುತ್ತದೆ, ಇದು ಯಾವುದೋ ಮರಿಯ ಕಥೆ ಎಂದು ಅಂದು ನನಗೆ ನಾನೇ ಹೇಳಿಕೊಂಡೆ. ಕಥೆಯ ಕೊನೆಯ ಸಾಲನ್ನು ಟೈಪ್ ಮಾಡಲಿಲ್ಲ. ಜಾಗ ಸಾಲಲಿಲ್ಲ ಎಂದು ನಿನಗೆ ಮೇಲ್ ಮಾಡಿದೆ, ನೆನಪಿದೆಯೇ? ವೆಬ್‌ಸೈಟಿನಲ್ಲಿ ಜಾಗಕ್ಕೇನು ಬರ. ನಿನ್ನೆ ನಿನ್ನ ಹಳೆಯ ಮೇಲ್ ಹುಡುಕಿ ತೆಗೆದು ಆ ಸಾಲನ್ನು ಓದಿದೆ. ‘ಗಂಟಿ ಸಪ್ಪಳ ಕೇಳದ ದಿನ ಆಕಿ ಉಣ್ಣಲಿಲ್ಲ.’

ಈ ಮಾತನ್ನು ಅವ್ವ ನಿನಗೆ ಹೇಳಿದಳು, ನನಗೆ ಹೇಳಲಿಲ್ಲ. ನಾನು ಕೇಳುವಷ್ಟು ಹೊತ್ತು ಅವಳ ಹತ್ತಿರ ಕೂತಿರಲಿಲ್ಲ, ನೀನು ಕೂತಿದ್ದೆ. ಇದರಲ್ಲಿ ನಿನ್ನ ತಪ್ಪು ಹುಡುಕಲು ಮೂರು ದಿನ ಪ್ರಯತ್ನಪಟ್ಟೆ. ಸಿಕ್ಕಿದ್ದರೆ ನನಗೆ ಎಷ್ಟು ಸುಖವಾಗುತ್ತಿತ್ತು. ನೀನಾದರೂ ಆ ಕಥೆಗಾಗಿ ಜಗಳ ಆಡಬೇಕಿತ್ತು. ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟು ನನ್ನನ್ನು ಇನ್ನೂ ಸಣ್ಣವಳು ಮಾಡಿದೆ.

ಇಂದು ಬೆಳಿಗ್ಗೆ ಹುಬ್ಬಳ್ಳಿಗೆ ಫೋನ್ ಮಾಡಿದೆ. ಬರೆದವಳು ನಾನಲ್ಲ, ಹೇಳಿದವರು ಭೀಮಕ್ಕ, ಬರೆದವರು ಅನುರಾಧಾ, ಹಾಗೇ ಅಚ್ಚಾಗಬೇಕು ಎಂದೆ. ಹನ್ನೊಂದನೇ ಕಥೆ ಕೊಡುವುದಿಲ್ಲ ಎಂದೂ ಹೇಳಿದೆ. ಪ್ರಕಾಶಕರು ವಿಚಾರ ಮಾಡಿ ತಿಳಿಸುತ್ತೇವೆ ಎಂದು ಇಟ್ಟರು. ಬೇಡ ಎಂದರೂ ಎನ್ನಬಹುದು. ಹಾಗಾದರೆ ಬೇರೆ ಪ್ರಕಾಶಕರನ್ನು ನಾನೇ ಹುಡುಕುತ್ತೇನೆ, ಅದು ನನ್ನ ಜವಾಬ್ದಾರಿ. ಆ ಕಥೆಯನ್ನು ವೆಬ್‌ಸೈಟಿನಿಂದಲೂ ತೆಗೆದಿದ್ದೇನೆ. ಕಾಯ್ದೆಯ ಪ್ರಕಾರ ಅದು ಬರೆದವಳದು, ಅಂದರೆ ನಿನ್ನದು ಎಂದು ಬಾಳಾಸಾಹೇಬರು ಮತ್ತೊಮ್ಮೆ ಹೇಳಿದರು. ಅವರಿಗೆ ಅವ್ವ ಗೊತ್ತಿಲ್ಲ.

ಮೇಲೆ ಹೊಸ ಪ್ರತಿ ಇಟ್ಟಿದ್ದೇನೆ ಎಂದು ಬರೆದೆನಲ್ಲ, ಅದನ್ನು ಲಕೋಟೆಯಿಂದ ತೆಗೆದು ಹರಿದು ಹಾಕಿದೆ. ಹಳೆಯದನ್ನೇ ಇಟ್ಟಿದ್ದೇನೆ. ನಾಲ್ಕನೇ ಕಲಮಿಗೆ ಈ ಸಲ ನಾನು ಗೆರೆ ಹೊಡೆದು ಪಕ್ಕದಲ್ಲಿ ಸಣ್ಣ ಸಹಿ ಮಾಡಿದ್ದೇನೆ. ಹನ್ನೊಂದನೇ ಕಥೆಗೆ ನೀನು ಹೊಡೆದ ಗೆರೆಯ ಪಕ್ಕದಲ್ಲೂ ಮಾಡಿದ್ದೇನೆ. ಎರಡೂ ಕಡೆ ನಿನ್ನದೂ ಒಂದೊಂದು ಸಣ್ಣ ಸಹಿ ಬೇಕು, ತಿದ್ದಿದ ಕಡೆ ಇಬ್ಬರ ಸಹಿ ಇಲ್ಲದಿದ್ದರೆ ಬಾಳಾಸಾಹೇಬರು ಕಾಗದ ಮುಟ್ಟುವುದಿಲ್ಲ. ಮುಂದಿನ ಕಥೆ ಯಾವಾಗ ಕಳಿಸುತ್ತೀ ಎಂದು ಓದುಗರು ಕೇಳುತ್ತಿದ್ದಾರೆ. ನಾನು ಕೇಳುತ್ತಿಲ್ಲ, ಓದುಗರು.

ಸೃಷ್ಟಿಗೆ ಮುದ್ದು. ಗಜಾನನನ ಮೇಲೆ ಸಿಟ್ಟಿದೆ ಎಂದು ಹೇಳು.

ಇನ್ನೂ ಹೊಟ್ಟೆಕಿಚ್ಚು ಆರದ, ನಿನ್ನ ಗಂಡನ ಅಕ್ಕ,
ಪ್ರಮಿಳಾ

ತಾ.ಕ.: ಕರಾರಿನ ಹಿಂದೆ ಒಂದು ಖಾಲಿ ಹಾಳೆ ಮಡಚಿ ಇಟ್ಟಿದ್ದೇನೆ, ಜೊತೆಗೆ ನನ್ನ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ. ಅದಕ್ಕೂ ವಕೀಲರಿಗೂ ಸಂಬಂಧವಿಲ್ಲ. ಅದರ ಮೇಲೆ ನನ್ನ ಹೆಸರು ಬರೆಯಲು ಅವ್ವನಿಗೆ ಹೇಳು. ಪ್ರಮಿಳಾ ಕಷ್ಟವಾದರೆ, ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆ ಪಮ್ಮಿ ಎಂದರೂ ಸಾಕು. ವಕ್ರವಾದರೂ ಆಗಲಿ. ನೀನು ಮಾತ್ರ ಅವಳ ಕೈ ಹಿಡಿದು ಬರೆಸಬೇಡ, ನನಗೆ ಗೊತ್ತಾಗುತ್ತದೆ.